ಗೋಲುಗಂಬದ ಹಿಂದೆ ಕೂತವರು

ಭಯವೆಂಬುದು ಅವಳಿಗೆ ಕೆಲಸದ ಜೊತೆಗೇ ಅಂಟಿಕೊಂಡು ಬಂದದ್ದು. ದಿನದಿನಕ್ಕೆ ಬೆಳೆಯುತ್ತಿದ್ದ ಒಂದು ಉಪನಗರದ ಪುರಸಭೆಯಲ್ಲಿ ಅವಳು ಉದ್ಯಾನ ಮತ್ತು ಆಟದ ಮೈದಾನಗಳ ಯೋಜನಾಧಿಕಾರಿ. ಜಾರುಬಂಡೆ ನೋಡಿದರೆ ಬೇರೆಯವರಿಗೆ ಮಕ್ಕಳ ಕೇಕೆ ಕೇಳಿಸುತ್ತದೆ, ಅವಳಿಗೆ ಸಡಿಲವಾದ ಬೋಲ್ಟು ಕಾಣಿಸುತ್ತದೆ. ಉಯ್ಯಾಲೆ ಕಂಡರೆ ಸವೆದ ಕೊಂಡಿ, ಬೆಂಚು ಕಂಡರೆ ಬೆರಳು ಸಿಕ್ಕಿಕೊಳ್ಳುವ ಸಂದು. "ನಿನ್ನನ್ನ ಪಾರ್ಕಿಗೆ ಹಾಕಿದ್ದೇ ತಪ್ಪು," ಎಂದು ಗಂಡ ರೇಗಿಸುತ್ತಿದ್ದ. "ಸ್ಮಶಾನದ ಉಸ್ತುವಾರಿ ಕೊಡ್ಬೇಕಿತ್ತು. ಅಲ್ಲಿ ಯಾರೂ ಹತ್ತಲ್ಲ, ಯಾರೂ ಬೀಳಲ್ಲ. ನೀನು ನೆಮ್ಮದಿಯಾಗಿ ನಿದ್ದೆ ಮಾಡ್ತಿದ್ದೆ." ಅವಳು ನಗುತ್ತಿದ್ದಳು. ನಕ್ಕು, ಗ್ಯಾಸ್ ಆರಿಸಿದ್ದೀನೋ ಇಲ್ಲವೋ ಎಂದು ನೋಡಲು ಅಡುಗೆಮನೆಗೆ ಎದ್ದುಹೋಗುತ್ತಿದ್ದಳು.

ಈ ಭಯಗಳಿಗೆಲ್ಲ ಒಂದು ಯಜಮಾನ ಭಯವಿತ್ತು. ಅದು ಗೋಲುಗಂಬದ್ದು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಮೇಲಧಿಕಾರಿಯ ಹಿಂದೆ ಇನ್ನೊಂದು ಊರಿನ ಮೈದಾನಕ್ಕೆ ತಪಾಸಣೆಗೆಂದು ಹೋಗಿದ್ದಳು. ಅಲ್ಲಿ ಇದ್ದದ್ದು ಬೇಕಾದಾಗ ಎತ್ತಿ ಆಚೆ ಇಡುವ ಜಾತಿಯ ಕಬ್ಬಿಣದ ಗೋಲು. ನೆಲಕ್ಕೆ ಬಿಗಿದಿರಲಿಲ್ಲ. ಹುಡುಗನೊಬ್ಬ ಮೇಲಿನ ಅಡ್ಡಕಂಬಕ್ಕೆ ಜೋತುಬಿದ್ದು ಜೀಕಿದ್ದಾನೆ, ಇಡೀ ಗೋಲು ಅವನ ಮೇಲೆ ಮುಂದಕ್ಕೆ ಮಗುಚಿಕೊಂಡಿದೆ. ಇವರು ಹೋಗುವಷ್ಟರಲ್ಲಿ ಹುಡುಗನನ್ನು ಒಯ್ದಾಗಿತ್ತು. ಅವನು ಉಳಿಯಲಿಲ್ಲ. ಕಂಬ ಬಿದ್ದಲ್ಲೇ ಬಿದ್ದಿತ್ತು, ಪಕ್ಕದಲ್ಲಿ ಒಂದು ಬೂಟು. ಅದರ ಲೇಸಿಗೆ ಎರಡೆರಡು ಗಂಟು ಹಾಕಿತ್ತು. ಮಕ್ಕಳು ಹಾಗೆ ಕಟ್ಟಿಕೊಳ್ಳುವುದಿಲ್ಲ. ಎಡವಿ ಬಿದ್ದಾನು ಎಂಬ ಹೆದರಿಕೆಗೆ ಅವನ ಅಮ್ಮನೇ ಬಗ್ಗಿ ಕಟ್ಟಿರಬೇಕು. ಆ ಗಂಟನ್ನು ನೋಡಿದ ಮೇಲೆ ಅವಳಿಗೆ ವಾರಗಟ್ಟಲೆ ಊಟ ಸೇರಲಿಲ್ಲ.

ಇರಲಿ. ಉಪನಗರದ ಕಥೆಗೆ ಬರೋಣ. ಅಲ್ಲಿ ನಿನ್ನೆ ಪೊದೆಯಿದ್ದಲ್ಲಿ ಇವತ್ತು ಮನೆ, ನಾಳೆ ಆ ಮನೆಯ ಮೇಲೆ ಇನ್ನೊಂದು ಮನೆ. ಕಾನೂನೇನೋ ಚೆನ್ನಾಗಿಯೇ ಇತ್ತು: ಬಡಾವಣೆ ಕಟ್ಟುವವನು ಜಾಗದಲ್ಲಿ ಒಂದು ಪಾಲನ್ನು ಉದ್ಯಾನಕ್ಕೆ ಬಿಡಬೇಕು, ಹೊಸ ಮನೆ ಕಟ್ಟುವವರೆಲ್ಲ ಪುರಸಭೆಯ ಆಟದ ನಿಧಿಗೆ ಒಂದಿಷ್ಟು ತುಂಬಬೇಕು. ಆದರೆ ಕಟ್ಟುವವರು ಬಿಡುವ ಜಾಗ ಯಾವುದು? ದೊಡ್ಡ ಕರೆಂಟು ತಂತಿಯ ಕೆಳಗಿನದು, ಮೋರಿ ಹಾಯುವುದು, ಮೇಕೆಗೂ ಕಾಲು ನಿಲ್ಲದ ಇಳಿಜಾರು. ಬಿಟ್ಟುಕೊಟ್ಟೆವೆಂದು ಹಲ್ಲು ಕಿಸಿದು ಫೋಟೋ ಬೇರೆ ತೆಗೆಸಿಕೊಳ್ಳುತ್ತಿದ್ದರು. ಮಕ್ಕಳು ಬೀದಿಯಲ್ಲಿ, ಹಿಂದಕ್ಕೆ ಬರುವ ಕಾರುಗಳ ನಡುವೆ ಚೆಂಡು ಒದೆಯುತ್ತಿದ್ದರು. ಅವಳು ಆ ಬೀದಿಗಳಲ್ಲಿ ಉಸಿರು ಬಿಗಿಹಿಡಿದು ನಡೆಯುತ್ತಿದ್ದಳು. ಕಂಡಕಂಡವರ ಬಾಗಿಲು ತಟ್ಟಿ, ಬೈಸಿಕೊಂಡು, ಒಂದೆರಡು ಸಲ ಅತ್ತು, ಕೊನೆಗೊಂದು ಸಮತಟ್ಟಾದ ಜಾಗ ಗಿಟ್ಟಿಸಿದಳು. ಒಂದೇ ಒಂದು.

ಒಂದೇ ಆದದ್ದರಿಂದ ಎಲ್ಲರ ಕಣ್ಣೂ ಅದರ ಮೇಲೆ ಬಿತ್ತು. ಫುಟ್‌ಬಾಲಿನವರು ತಮಗೆ ಬೇಕೆಂದರು, ಕ್ರಿಕೆಟ್ಟಿನವರು ತಮಗೆ ಬೇಕೆಂದರು. ಮುಂಜಾನೆ ವಾಕಿಂಗ್ ಹೋಗುವ ಹಿರಿಯರ ಸಂಘ, ಮೈದಾನದ ಸುತ್ತ ನಡೆಯುವ ಹಾದಿ, ಹಾದಿಗೆ ಬೆಂಚು, ಬೆಂಚಿಗೆ ನೆರಳು ಬೇಕೇ ಬೇಕೆಂದು ಪಟ್ಟು ಹಿಡಿಯಿತು. ಆ ಸಂಘಕ್ಕೆ ಮುಖ್ಯಸ್ಥೆ ಯಾರು ಅಂದಿರಿ? ಇವಳ ಅತ್ತೆ. ಮನೆಯಲ್ಲಿ ಒಂದು ಮಾತಿಗೆ ಹತ್ತು ಮಾತು ಆಡದಿದ್ದರೂ ಸಭೆಯಲ್ಲಿ ಆಕೆ ಎದ್ದುನಿಂತರೆ ಪುರಸಭೆಯ ಫ್ಯಾನೂ ಸದ್ದು ಕಡಿಮೆ ಮಾಡಿಕೊಳ್ಳುತ್ತಿತ್ತು.

ಪುರಸಭೆಯ ಅಧ್ಯಕ್ಷರು ಟೈಲ್ಸ್ ಅಂಗಡಿ ಇಟ್ಟವರು. ಎಲ್ಲವನ್ನೂ ಒಂದೇ ನೆಲದಲ್ಲಿ ಕೂರಿಸುವುದು ಅವರಿಗೆ ರೂಢಿ. "ಒಂದೇ ಮೈದಾನ, ಎರಡೂ ಆಟ," ಎಂದು ತೀರ್ಪು ಕೊಟ್ಟರು. ಕ್ರಿಕೆಟ್ ಇದ್ದ ದಿನ ಗೋಲು ಆಚೆ ಹೋಗಬೇಕು, ಫುಟ್‌ಬಾಲ್ ಇದ್ದ ದಿನ ಈಚೆ ಬರಬೇಕು. ಅವಳು ತನ್ನ ನಕ್ಷೆಯಲ್ಲಿ ಅದಕ್ಕೊಂದು ಉಪಾಯ ಬರೆದಿದ್ದಳು. ಕಂಬ ಇಳಿಸಲು ನೆಲದಲ್ಲೇ ಕಾಂಕ್ರೀಟಿನ ಗೂಡು. ಬೇಕಾದಾಗ ಕಂಬ ಇಳಿಸಿ ಬಿಗಿಯುವುದು, ಬೇಡವಾದಾಗ ಎತ್ತಿ ಮುಚ್ಚಳ ಹಾಕುವುದು. ಆದರೆ ನಿಧಿಯಲ್ಲಿ ಅಷ್ಟಕ್ಕೆಲ್ಲ ಆಗುವಂತಿರಲಿಲ್ಲ. ಗೂಡೋ, ಹಿರಿಯರ ಹಾದಿಯೋ, ಎರಡರಲ್ಲಿ ಒಂದು.

"ಆ ಗೋಲಿಗೆ ಮರಳು ಚೀಲ ಇಟ್ರೆ ಆಗಲ್ವಾ?" ಎಂದು ಅಧ್ಯಕ್ಷರು ಕೇಳಿದರು.

"ಆಗುತ್ತೆ ಸಾರ್. ಆದ್ರೆ ಎಲ್ಲಾ ಹೊತ್ತೂ ಅಲ್ಲೇ ಇರ್ಬೇಕು. ಒಂದು ಗಳಿಗೆ ತೆಗೆದ್ರೂ..."

"ನಮ್ ಸಂಘದಲ್ಲಿ ಇಬ್ರು ರಸ್ತೇಲಿ ಬಿದ್ದು ಸೊಂಟ ಮುರ್ಕೊಂಡಿದಾರೆ," ಎಂದು ಅತ್ತೆ ಎದ್ದುನಿಂತರು. "ಕಂಬ ಬೀಳುತ್ತೋ ಬಿಡುತ್ತೋ, ನಾವಂತೂ ಬೀಳ್ತಾನೇ ಇದೀವಿ."

ಎಲ್ಲರೂ ನಕ್ಕರು. ಯೋಜನಾಧಿಕಾರಿಯಾಗಿ ಅವಳು ಮೇಜು ಕುಟ್ಟಬಹುದಿತ್ತು, ಸೊಸೆಯಾಗಿ ಬಾಯಿ ಏಳಲಿಲ್ಲ. ಅಧ್ಯಕ್ಷರು ಟೀ ತರಿಸಿದರು. ನಕ್ಷೆಯಿಂದ ಗೂಡು ಹೋಯಿತು, ಚೀಲ ಬಂತು.

ಅಂದಿನಿಂದ ಅವಳ ಪಾಡು ಕೇಳಬೇಡಿ. ಗಟ್ಟಿ ಕ್ಯಾನ್ವಾಸಿನ ಚೀಲ ಹೊಲಿಸಿದಳು, ನಿಂತು ಮರಳು ತುಂಬಿಸಿದಳು. ಗೋಲಿನ ಹಿಂಬದಿಯಲ್ಲಿ ನೆಲಕ್ಕೆ ಒರಗಿಕೊಂಡಿರುವ ಉದ್ದನೆಯ ಕಬ್ಬಿಣದ ಪಟ್ಟಿಯಿದೆಯಲ್ಲ, ಅದರ ಎರಡೂ ತುದಿಗೆ ಒಂದರ ಮೇಲೊಂದು ಪೇರಿಸಿ ಇಡಿಸಿದಳು. ಬೇರೆ ಯಾರೂ ಎತ್ತಿಕೊಂಡು ಹೋಗದಿರಲೆಂದು ಪ್ರತಿ ಚೀಲಕ್ಕೂ ಅಡ್ಡಡ್ಡ ಹಳದಿ ಬಣ್ಣ ಬಳಿಸಿದಳು. ಬೆಳಗ್ಗೆ ಕಚೇರಿಗೆ ಹೋಗುವಾಗ ಒಂದು ಸಲ, ಸಂಜೆ ಬರುವಾಗ ಒಂದು ಸಲ ಮೈದಾನಕ್ಕೆ ಹೋಗಿ, ಪಟ್ಟಿಯನ್ನು ಕಾಲಲ್ಲಿ ಒದ್ದು, ಚೀಲಗಳನ್ನು ಕೈಯಲ್ಲಿ ಮುಟ್ಟಿ ಬರುತ್ತಿದ್ದಳು. ಮಕ್ಕಳು ಅವಳಿಗೆ ಚೀಲದಾಂಟಿ ಎಂದು ಹೆಸರಿಟ್ಟವು. ಆ ಹೆಸರಿಗೆ ಅವಳಿಗೇನೂ ಬೇಸರವಿರಲಿಲ್ಲ. ಬೇಸರವಿದ್ದದ್ದು ಮಗಳಿಗೆ.

ಮಗಳನ್ನು ಮನೆಯಲ್ಲೂ ತಂಡದಲ್ಲೂ ಕರೆಯುತ್ತಿದ್ದದ್ದು ಚಿಗರಿ ಎಂದು. ಜಿಂಕೆಯ ಹಾಗೆ ಕಾಲು ನೆಲದ ಮೇಲೆ ನಿಲ್ಲದ ಹುಡುಗಿ, ಹನ್ನೆರಡು ತುಂಬಿತ್ತು, ಹುಡುಗಿಯರ ತಂಡಕ್ಕೆ ಗೋಲ್‌ಕೀಪರ್. ದೇವರು ಅಮ್ಮನಿಗೆ ಕೊಟ್ಟ ಭಯದಲ್ಲಿ ಚೂರೂ ಮಗಳಿಗೆ ಬಿಟ್ಟಿರಲಿಲ್ಲ. ಅವಳದೊಂದು ಚಟವಿತ್ತು. ಆಟ ಶುರುವಾಗುವ ಮುಂಚೆ ಓಡಿಬಂದು ಹಾರಿ, ಅಡ್ಡಕಂಬ ಹಿಡಿದು ಜೋತುಬಿದ್ದು, ಹಿಂದೆ ಮುಂದೆ ಜೀಕಿ ಇಳಿಯಬೇಕು. ಹಾಗೆ ಮಾಡದಿದ್ದರೆ ಆ ದಿನ ಚೆಂಡು ಕೈಗೆ ಸಿಗುವುದಿಲ್ಲ ಅಂತ ಅವಳ ನಂಬಿಕೆ.

"ಬೇಡ ಕಣೇ, ನಿನ್ನ ಕಾಲಿಗೆ ಬೀಳ್ತೀನಿ."

"ಚೀಲ ಇದೆಯಲ್ಲಮ್ಮ. ನೀನೇ ದಿನಾ ನೋಡ್ತೀಯ."

"ಇದ್ರೂ ಬೇಡ. ಆಣೆ ಮಾಡು."

ಚಿಗರಿ ಆಣೆ ಮಾಡುತ್ತಿದ್ದಳು. ಅಮ್ಮ ಎದುರಿಗಿದ್ದಾಗ ಆಣೆ ಉಳಿಸಿಕೊಳ್ಳುತ್ತಿದ್ದಳು ಕೂಡ. ಅಮ್ಮನ ಬೆನ್ನು ತಿರುಗಿದರೆ ಆಣೆಯೂ ಬೆನ್ನು ತಿರುಗಿಸುತ್ತಿತ್ತು. ಈ ವಿಷಯ ಅಮ್ಮನಿಗೆ ಗೊತ್ತಿತ್ತು. ಆ ಹುಡುಗಿ ಒಂದೇ ಒಂದು ಸಲ, ಒಂದಿಷ್ಟಾದರೂ ಹೆದರಬಾರದೇ ಎಂದು ಅವಳು ಅದೆಷ್ಟು ಸಲ ಅಂದುಕೊಂಡಿದ್ದಳೋ.

ಮೈದಾನಕ್ಕೆ ಹೊಸ ಹುಲ್ಲು ಹಾಸಿದರು. ಹುಲ್ಲಿನಡಿಗೆ ನೀರು ಚಿಮ್ಮಿಸುವ ಪ್ಲಾಸ್ಟಿಕ್ ಕೊಳವೆಗಳು ಬಂದವು. ಬಂದ ವಾರವೇ ಯಾವನೋ ಪುಣ್ಯಾತ್ಮ ಬಲೆ ಕಟ್ಟಲು ಗೂಟ ಹೊಡೆದು ಒಂದು ಕೊಳವೆ ಒಡೆದ, ಮೂಲೆಯೆಲ್ಲ ಕೆಸರು. ಮುಂದಿನ ಗೂಟಕ್ಕೆ ಯಾವ ಮಗು ಕೆಸರಲ್ಲಿ ಜಾರಿ ಕೈ ಮುರಿದುಕೊಳ್ಳುತ್ತದೋ ಎಂದು ಅವಳಿಗೆ ಹೊಸ ಹೆದರಿಕೆ ಹತ್ತಿತು. ಮೈದಾನದಲ್ಲಿ ಯಾರೂ, ಯಾವ ಕಾರಣಕ್ಕೂ, ನೆಲಕ್ಕೆ ಗೂಟ ಹೊಡೆಯಕೂಡದು ಎಂದು ಆಜ್ಞೆ ಹೊರಡಿಸಿದಳು. ಗೇಟಿಗೆ ಫಲಕ ಹಾಕಿಸಿದಳು. ಅಷ್ಟಕ್ಕೆ ಸಾಲದೆ, ಉದ್ಘಾಟನೆಯ ಹಿಂದಿನ ದಿನ ಶಾಮಿಯಾನದವನಿಗೆ ಫೋನು ಮಾಡಿ ಮತ್ತೊಮ್ಮೆ ಹೇಳಿದಳು. "ಒಂದು ಮೊಳೆ ಹೊಡೆದ್ರೂ ನಾನು ಸುಮ್ನಿರಲ್ಲ ನೋಡಿ."

"ಚಿಂತೆ ಬಿಡಿ ಮೇಡಂ. ನೆಲ ಮುಟ್ಟಲ್ಲ. ಏನಾದ್ರೂ ಮಾಡ್ತೀನಿ," ಎಂದ ಅವನು. ಮಾತಿಗೆ ತಪ್ಪುವ ಮನುಷ್ಯನಲ್ಲ. ಹೇಳಿದಂತೆಯೇ ಏನಾದರೂ ಮಾಡಿದ.

ಉದ್ಘಾಟನೆಯ ಬೆಳಗ್ಗೆ ಅವಳಿಗೆ ಮೈದಾನ ಸುತ್ತಲು ಪುರುಸೊತ್ತಾಗಲಿಲ್ಲ. ಇಷ್ಟು ದಿನದಲ್ಲಿ ಅದೊಂದೇ ದಿನ. ರಿಬ್ಬನ್ನು ತಂದವರು ಕತ್ತರಿ ಮರೆತಿದ್ದರು, ಕತ್ತರಿ ಬಂದಾಗ ಮೈಕು ಕೆಟ್ಟಿತ್ತು. ಎಲ್ಲ ಸರಿಹೋಗಿ ಅವಳನ್ನು ವೇದಿಕೆಯ ಹಿಂದಿನ ಸಾಲಿನಲ್ಲಿ ಕೂರಿಸುವ ಹೊತ್ತಿಗೆ ಬಿಸಿಲೇರಿತ್ತು, ಅದರ ಜೊತೆಗೆ ಗಾಳಿಯೂ ಎದ್ದಿತ್ತು. ಮೈದಾನದ ಉದ್ದದ ಅಂಚಿನಲ್ಲಿ, ನಟ್ಟನಡುವೆ ಶಾಮಿಯಾನ; ಅದರ ಕೆಳಗೆ ವೇದಿಕೆ, ವೇದಿಕೆಯ ಮುಂದೆ ಕುರ್ಚಿಗಳ ತುಂಬ ಹಿರಿಯರು, ಅಪ್ಪ ಅಮ್ಮಂದಿರು. ಎಡಕ್ಕೊಂದು ಗೋಲು, ಬಲಕ್ಕೊಂದು ಗೋಲು, ಎರಡೂ ದೂರ. ಮಕ್ಕಳು ಬಣ್ಣಬಣ್ಣದ ಅಂಗಿ ತೊಟ್ಟು, ಉದ್ಘಾಟನೆಯ ಪಂದ್ಯಕ್ಕೆಂದು ಓಡಾಡಿ ಮೈ ಬಿಸಿಮಾಡಿಕೊಳ್ಳುತ್ತಿದ್ದರು. ಅಧ್ಯಕ್ಷರು ಮೈಕು ಹಿಡಿದು, ಈ ಮೈದಾನ ಹೇಗೆ ತಮ್ಮ ಬಾಲ್ಯದ ಕನಸಾಗಿತ್ತೆಂದು ವಿವರಿಸುತ್ತಿದ್ದರು.

ಗಾಳಿ ಜೋರಾಗಿ ಬೀಸಿ ಶಾಮಿಯಾನದ ಬಟ್ಟೆ ಪಟಪಟ ಬಡಿಯಿತು. ಅವಳಿಗೆ ಅಭ್ಯಾಸಬಲ, ಕಣ್ಣು ಮೊದಲು ಕಂಬಗಳ ಬುಡಕ್ಕೆ ಹೋಯಿತು. ಗೂಟವಿರಲಿಲ್ಲ. ಕಂಬದ ಹಗ್ಗಗಳನ್ನು ಚೀಲಗಳಿಗೆ ಬಿಗಿದಿದ್ದರು. ಒಳ್ಳೆ ಉಪಾಯ, ಶಾಮಿಯಾನದವನು ಬುದ್ಧಿವಂತ ಅಂದುಕೊಂಡಳು. ಆಮೇಲೆ ಚೀಲಗಳ ಮೇಲಿನ ಹಳದಿ ಪಟ್ಟೆ ಕಂಡಿತು.

ಒಂದು ಕಂಬದ ಬುಡ ನೋಡಿದಳು, ಇನ್ನೊಂದರ ಬುಡ ನೋಡಿದಳು, ಎಲ್ಲ ಕಡೆಯೂ ಹಳದಿ. ತಾನೇ ಹೊಲಿಸಿದ, ತಾನೇ ತುಂಬಿಸಿದ, ತಾನೇ ಬಣ್ಣ ಬಳಿಸಿದ ಚೀಲಗಳು. ಒಂದೂ ಬಿಡದೆ ತಂದಿದ್ದ. ನೆಲ ಮುಟ್ಟಬೇಡ ಎಂದು ತಾನೇ ಹೇಳಿ ತಂದಿಡಿಸಿದ್ದಳು.

ಎಡಗಡೆ ನೋಡಿದಳು. ದೂರದ ಗೋಲಿನ ಮುಂದೆ ಹಸಿರಂಗಿಯ ಚಿಗರಿ ಕೈಗವಸು ಹಾಕಿಕೊಳ್ಳುತ್ತಿದ್ದಳು. ಒಂದು ಕೈಗಾಯಿತು. ಈಗ ಇನ್ನೊಂದು ಕೈ.

ಅವಳು ಎದ್ದು ಅಧ್ಯಕ್ಷರ ಬಳಿ ಹೋದಳು. "ಸಾರ್, ಒಂದ್ನಿಮಿಷ ಮೈಕು ಕೊಡಿ. ಗೋಲಿಗೆ ಚೀಲ ಇಲ್ಲ."

ಅಧ್ಯಕ್ಷರು ಮೈಕಿನ ಬಾಯಿಗೆ ಅಂಗೈ ಮುಚ್ಚಿ, ಸಭೆಯ ಕಡೆ ನಗುಮುಖ ಇಟ್ಟುಕೊಂಡೇ ಹೇಳಿದರು: "ಅಮ್ಮಾ, ನಿಮ್ ಸನ್ಮಾನ ಆಮೇಲಿದೆ. ಸ್ವಲ್ಪ ಕೂತ್ಕೊಳ್ಳಿ."

"ಸನ್ಮಾನ ಅಲ್ಲ ಸಾರ್, ಮಕ್ಕಳು..."

"ಮಕ್ಕಳ ವಿಷಯಕ್ಕೇ ಬರ್ತಿದೀನಿ," ಎಂದು ಅವರು ಅಂಗೈ ತೆಗೆದು, ಬಾಲ್ಯದ ಕನಸನ್ನು ಬಿಟ್ಟಲ್ಲಿಂದ ಹಿಡಿದರು.

ಮೈಕು ಕಿತ್ತುಕೊಳ್ಳಬೇಕಿತ್ತು. ಆಮೇಲೆ ಎಷ್ಟೋ ದಿನ ಅವಳು ಅದನ್ನೇ ಯೋಚಿಸಿದಳು. ಆ ಹೊತ್ತಿಗೆ ಕೈ ಏಳಲಿಲ್ಲ, ಕಾಲು ಎದ್ದಿತು. ಚೀಲ ಬಿಚ್ಚಿಕೊಂಡು ಹೋಗೋಣವೆಂದರೆ ಈ ಗಾಳಿಗೆ ಶಾಮಿಯಾನ ಮಗುಚಿ ಕೆಳಗಿನ ಮುದುಕರ ಮೇಲೆ ಬೀಳುತ್ತದೆ. ಹಾಗಾಗಿ ಬರಿಗೈಯಲ್ಲಿ ಓಡಬೇಕು. ವೇದಿಕೆಯಿಂದ ಹಾರಿದಳು. ಚಪ್ಪಲಿ ಅಲ್ಲೇ ಉಳಿಯಿತು.

ಅಂಚಿನಲ್ಲಿ ಕೋಚು ನಿಂತಿದ್ದರು. ಅವರನ್ನು ದಾಟುವಾಗ ಬಲಗಡೆ ಕೈ ತೋರಿಸಿ ಕೂಗಿದಳು: "ಆ ಗೋಲು ಮಲಗ್ಸಿ! ಚೀಲ ಇಲ್ಲ!" ಕೋಚಿಗೆ ಎರಡನೇ ಸಲ ಹೇಳಬೇಕಾಗಲಿಲ್ಲ. ಮಕ್ಕಳಿಗೆ ಆಟ ಕಲಿಸಿ ಕೂದಲು ನರೆಸಿಕೊಂಡ ಮನುಷ್ಯ, ಬಣ್ಣವೇ ಇಳಿದುಹೋದ ಮುಖದಲ್ಲಿ ಬಲಕ್ಕೆ ಓಡಿದರು.

ಅವಳು ಎಡಕ್ಕೆ. ಓಡಿ ಎಷ್ಟು ವರ್ಷವಾಗಿತ್ತೋ. ಹೊಸ ಹುಲ್ಲು ಮೆತ್ತಗಿತ್ತು, ಕಾಲು ಹೂತುಹೋಗುತ್ತಿತ್ತು. "ಚಿಗರೀ!" ಎಂದು ಕೂಗಿದಳು. ಧ್ವನಿವರ್ಧಕದಲ್ಲಿ ಅಧ್ಯಕ್ಷರ ದನಿ ಅವಳ ಕೂಗನ್ನು ನುಂಗಿಹಾಕಿತು. ಹಿಂದೆ ಯಾರೋ ನಕ್ಕರು: "ಚೀಲದಾಂಟಿ ಓಡಿದ್ರು ನೋಡ್ರೋ!" ಅವಳಿಗೆ ಕಣ್ಣೆದುರು ಎರಡು ಗಂಟಿನ ಲೇಸಿನ ಬೂಟು ಬಂತು. ಅಮ್ಮಾ ತಾಯೀ, ಇವತ್ತೊಂದು ದಿನ ಅವಳು ಜೋತುಬೀಳದಿರಲಿ ಎಂದುಕೊಂಡಳು. ಆದರೆ ಇವತ್ತು ಬೀಳದೆ ಇನ್ಯಾವತ್ತು ಬಿದ್ದಾಳು! ಇಡೀ ಊರು ನೋಡುತ್ತಿದೆ, ಅಮ್ಮ ವೇದಿಕೆಯ ಮೇಲೆ ಅಧಿಕಾರಿಗಳ ಮಧ್ಯೆ ಭದ್ರವಾಗಿದ್ದಾಳೆ. ಇದಕ್ಕಿಂತ ಒಳ್ಳೆಯ ಅವಕಾಶ ಉಂಟೇ?

ಚಿಗರಿ ಇತ್ತ ನೋಡಲೇ ಇಲ್ಲ. ಗೋಲಿನ ಕಡೆ ತಿರುಗಿ ನಾಲ್ಕು ಹೆಜ್ಜೆ ಹಿಂದೆ ಬಂದು ನಿಂತಳು. ಅದು ಓಟಕ್ಕೆ ಮುಂಚಿನ ನಿಲುವು. ಹಿಡಿಯಲು ಹೋದರೆ ಸಿಗುವುದಿಲ್ಲವೆಂದು ತಾಯಿಗೆ ತಿಳಿಯಿತು. ಮಗಳನ್ನು ಬಿಟ್ಟು ಗೋಲಿನ ಬೆನ್ನಿಗೆ ಓಡಿದಳು. ಬದುಕಿನಲ್ಲಿ ಅವಳು ತೆಗೆದುಕೊಂಡ ಅತಿ ಕಷ್ಟದ ತೀರ್ಮಾನ ಅದು. ಮಗು ಒಂದು ಕಡೆ, ತಾನು ಇನ್ನೊಂದು ಕಡೆ. ಬಲೆಯ ಹಿಂದಕ್ಕೆ ಬಂದು, ಉಸಿರು ಕಟ್ಟಿ, ನೆಲದ ಕಬ್ಬಿಣದ ಪಟ್ಟಿಯ ಮೇಲೆ ಧೊಪ್ಪನೆ ಕೂತಳು. ಅದೇ ಹೊತ್ತಿಗೆ ಆ ಕಡೆಯಿಂದ ಚಿಗರಿ ಓಡಿಬಂದು ಹಾರಿದಳು.

ಕಂಬಕ್ಕೆ ಕೈ ಬಡಿದ ಸದ್ದು ಕಬ್ಬಿಣದೊಳಗೆ ಹರಿದು ಇವಳ ಬೆನ್ನುಮೂಳೆಗೆ ಬಂತು. ಹುಡುಗಿ ಕಂಬ ಹಿಡಿದೇ ಮೈದಾನದ ಕಡೆಗೆ ಮೈ ತಿರುಗಿಸಿ ಹಿಂದಕ್ಕೆ ಜೀಕಿದಳು. ಮುಂದಕ್ಕೆ ಜೀಕಿದಳು. ಆಗ ಕೂತಿದ್ದ ಪಟ್ಟಿ ಮೇಲೆದ್ದಿತು.

ಕೂತಿದ್ದವಳ ಸಮೇತ ಎದ್ದಿತು. ಹಿಮ್ಮಡಿ ನೆಲ ಬಿಟ್ಟಿತು. ಇಡೀ ಗೋಲು ಮುಂದಕ್ಕೆ ವಾಲಿ, ಬೀಳಲೋ ಬೇಡವೋ ಎಂಬಂತೆ ನಿಂತುಬಿಟ್ಟಿತು. ಬಲೆಯ ಕಣ್ಣುಗಳಲ್ಲಿ ಅವಳಿಗೆ ಕಾಣಿಸುತ್ತಿದ್ದದ್ದು ಆಕಾಶಕ್ಕೆ ಅಡ್ಡವಾಗಿ ಬಾಗಿದ ಬಿಳಿ ಕಂಬ, ಅದರಡಿಯಲ್ಲಿ ಮಗಳ ಬೆನ್ನು. ಕೂಗುವಂತಿಲ್ಲ, ಬೆಚ್ಚಿ ಇನ್ನೊಂದು ಸಲ ಜೀಕಿದರೆ ಮುಗಿಯಿತು. ಅವಳು ಹಲ್ಲು ಕಚ್ಚಿ, ಎರಡೂ ಕೈಯಲ್ಲಿ ಪಟ್ಟಿ ಹಿಡಿದು, ತನ್ನ ಮೈಯಲ್ಲಿ ಇದ್ದಬದ್ದ ಭಾರವನ್ನೆಲ್ಲ ಕೆಳಕ್ಕೆ ಒತ್ತಿದಳು. ತೆಳ್ಳಗಿದ್ದೀಯ ಎಂದು ಜನ ಹೊಗಳಿದಾಗೆಲ್ಲ ಹಿಗ್ಗಿದ್ದಕ್ಕೆ ಆಗ ಅವಳಿಗೆ ಅಳು ಬಂತು.

ಪಟ್ಟಿ ಇಳಿಯಿತು. ಹುಲ್ಲು ಅದನ್ನು ಮತ್ತೆ ಮೆತ್ತಗೆ ಹಿಡಿದುಕೊಂಡಿತು. ಚಿಗರಿ ಕೈ ಬಿಟ್ಟು ನೆಲಕ್ಕೆ ಹಾರಿ, ಅಂಗಿ ಸರಿಮಾಡಿಕೊಂಡು, ತಿರುಗಿ ನೋಡಿದರೆ ಬಲೆಯ ಹಿಂದೆ ಅಮ್ಮ.

"ಅಮ್ಮಾ!" ಅವಳ ಮುಖ ಕೆಂಪಾಯಿತು. "ಎಲ್ರೂ ನೋಡ್ತಿದಾರೆ. ಅಲ್ಯಾಕೆ ಕೂತಿದೀಯ? ಏಳು."

"ಏಳಕ್ಕಾಗಲ್ಲ ಪುಟ್ಟಿ. ನೀನು ಆಚೆ ಹೋಗು, ಕಂಬದಿಂದ ದೂರ ಹೋಗಿ ನಿಲ್ಲು. ನಿನ್ನ ಗೆಳತೀರನ್ನೂ ಕರ್ಕೊಂಡ್ಹೋಗು." ಚಿಗರಿ ಕಬ್ಬಿಣ ಬಿಗಿಹಿಡಿದ ಅಮ್ಮನ ಕೈ ನೋಡಿ, ಗೆಳತಿಯರ ಕಡೆ ಹೆಜ್ಜೆ ಹಾಕಿದಳು.

ಮೊದಲು ಬಂದವರು ಅತ್ತೆ. ಸೊಸೆ ಬರಿಗಾಲಲ್ಲಿ ಓಡಿದ್ದನ್ನು ನೋಡಿ, ಹಾದಿ ಹಿಡಿದು ಸುತ್ತಿಬರದೆ ಹುಲ್ಲಿನ ಮೇಲೇ ಅಡ್ಡಹಾದು ಬಂದಿದ್ದರು. "ಏನಾಯ್ತೇ? ತಲೆ ಸುತ್ತು ಬಂತಾ?"

"ಚೀಲ ಇಲ್ಲ ಅತ್ತೆ. ಶಾಮಿಯಾನಕ್ಕೆ ಕಟ್ಟಿದಾರೆ. ನಾನೆದ್ರೆ ಇದು ಬೀಳುತ್ತೆ. ಚಿಗರಿ ಈಗ ತಾನೇ ಜೋತುಬಿದ್ದು..."

ಅತ್ತೆ ಮೊಮ್ಮಗಳನ್ನು ನೋಡಿದರು, ಮೇಲಿನ ಕಂಬ ನೋಡಿದರು. ಆಕೆಯ ಮುಖದಲ್ಲಿ ಸಭೆಯ ಧೈರ್ಯವೆಲ್ಲ ಸೋರಿಹೋಗಿ ಬರೀ ಅಜ್ಜಿ ಉಳಿದಳು. ಮೊಣಕಾಲು ಹಿಡಿದುಕೊಂಡು, ನಿಧಾನವಾಗಿ ಸೊಸೆಯ ಪಕ್ಕದಲ್ಲಿ ಪಟ್ಟಿಯ ಮೇಲೆ ಕೂತರು. ಕೂತು, ಸೊಸೆಯ ಕೈ ಮೇಲೆ ತಮ್ಮ ಕೈ ಇಟ್ಟರು.

"ಯೋಜನಾಧಿಕಾರಿಗಳು ವೇದಿಕೆಗೆ ಬರಬೇಕಾಗಿ ವಿನಂತಿ," ಎಂದು ಧ್ವನಿವರ್ಧಕ ಕರೆಯಿತು. ಮತ್ತೊಮ್ಮೆ ಕರೆಯಿತು. ಮೂರನೇ ಸಲ ಕರೆಯುವಾಗ ವಿನಂತಿ ಮಾಯವಾಗಿತ್ತು. ಕೊನೆಗೆ ಅಧ್ಯಕ್ಷರೇ ಶಾಲು ಮಡಿಸಿಕೊಂಡು ಬಂದರು, ಅವರ ಹಿಂದೆ ಇಬ್ಬರು ಸದಸ್ಯರು, ಅವರ ಹಿಂದೆ ತಲೆ ಕೆರೆದುಕೊಳ್ಳುತ್ತ ಶಾಮಿಯಾನದವನು.

"ಇದೇನಮ್ಮ ತಮಾಷೆ? ಊರೆಲ್ಲ ಕಾಯ್ತಿದೆ."

"ಕೂತ್ಕೊಳ್ಳಿ ಸಾರ್," ಎಂದಳು ಅವಳು.

"ಏನು?"

"ಈ ತುದಿ ಹಗುರ ಇದೆ. ಇಲ್ಲಿ ಕೂತ್ಕೊಳ್ಳಿ."

ಅಧ್ಯಕ್ಷರು ಅತ್ತೆಯ ಕಡೆ ನೋಡಿದರು. ಅತ್ತೆ ಹೇಳಿದರು: "ಕೂತ್ಕೊಳ್ರೀ. ಆವತ್ತು ನಾವಿಬ್ರೂ ಸೇರ್ಕೊಂಡು ಹಾದಿ ಬೇಕು, ಗೂಡು ಬೇಡ ಅಂದ್ವಿ. ಈಗ ಆ ಗೂಡಿನ ಕೆಲ್ಸ ನಾವೇ ಮಾಡ್ಬೇಕು." ಶಾಮಿಯಾನದವನು ಗೋಲನ್ನೂ ತನ್ನ ಶಾಮಿಯಾನವನ್ನೂ ಒಮ್ಮೆ ನೋಡಿದ. ಹಣೆಗೆ ಕೈ ಹೋಯಿತು. "ಚೀಲ ಸುಮ್ನೆ ಬಿದ್ದಿದೆ ಅಂದ್ಕೊಂಡೆ ಮೇಡಂ. ನೆಲ ಮುಟ್ಟಬೇಡ ಅಂದಿದ್ರಿ," ಎಂದವನೇ ಎಲ್ಲರಿಗಿಂತ ಮೊದಲು ಒಂದು ತುದಿಯಲ್ಲಿ ಕುಕ್ಕರಿಸಿದ. ಅವನ ಪಕ್ಕಕ್ಕೆ ಅಧ್ಯಕ್ಷರು ಕೂತರು. ಸದಸ್ಯರು ಇನ್ನೊಂದು ತುದಿ ಹಿಡಿದರು. ಬಲಗಡೆಯ ಗೋಲನ್ನು ಕೋಚು ನಾಲ್ಕು ಜನರನ್ನು ಸೇರಿಸಿ ಮುಖ ಕೆಳಗೆ ಮಾಡಿ ಮಲಗಿಸಿದ್ದು ದೂರದಿಂದ ಕಂಡಿತು.

"ಮುಂದಿನ ಸಭೆಗೆ ತಗೊಳ್ಳೋಣ ಇದನ್ನ," ಎಂದರು ಅಧ್ಯಕ್ಷರು, ಕೂತಲ್ಲೇ ಬೆವರು ಒರೆಸಿಕೊಳ್ಳುತ್ತ.

"ಸಭೆ ಇಲ್ಲೇ ಆಗ್ಲಿ ಸಾರ್. ಬೇಕಾದಷ್ಟು ಜನ ಇದೀವಿ. ಯಾರೂ ಏಳೋ ಹಾಗೂ ಇಲ್ಲ."

ಹೀಗೆ ಗೋಲಿನ ಬೆನ್ನ ಮೇಲೆ ಸಾಲಾಗಿ ಕೂತು ಆ ಪುರಸಭೆ ತೀರ್ಮಾನ ಮಾಡಿತು: ಮೊದಲು ಗೂಡು, ಬೆಂಚಿನ ಮೇಲೆ ಇನ್ನೂ ಕಟ್ಟಬೇಕಾದ ನೆರಳು ಆಮೇಲೆ. ಇವತ್ತು ಮಕ್ಕಳ ಆಟ ಮುಗಿದೊಡನೆ ಗೋಲು ಮಲಗಬೇಕು, ಗೂಡು ಆಗುವತನಕ ಮಲಗಿಯೇ ಇರತಕ್ಕದ್ದು. ನೆರಳು ಬಿಟ್ಟುಕೊಟ್ಟವರು ಅತ್ತೆ. ಅಧ್ಯಕ್ಷರು ಏನೋ ಗೊಣಗಲು ಹೋಗಿ, ಆಯ ತಪ್ಪಿ, ಪಟ್ಟಿ ಕಿರ್ರೆಂದಾಗ ಬೇಗ ಒಪ್ಪಿಕೊಂಡರು. ಪಕ್ಕದಲ್ಲಿದ್ದ ಸದಸ್ಯನಿಗೆ ನಗು ತಡೆಯಲಾಗಲಿಲ್ಲ. ಅವಳಿಗೆ ಮಾತ್ರ ನಗು ಬರಲಿಲ್ಲ. ಪಟ್ಟಿ ಇಳಿದಿದ್ದರೂ ಅವಳು ಇನ್ನೂ ಇಳಿದಿರಲಿಲ್ಲ.

ಚಿಗರಿ ಬಂದು ಬಲೆಯ ಆ ಕಡೆ ನಿಂತಳು. ಕೈಗವಸು ಬಿಚ್ಚಿ ಹಿಡಿದಿದ್ದಳು. ಇಷ್ಟು ಹೊತ್ತೂ ದೂರದಿಂದ ಎಲ್ಲವನ್ನೂ ನೋಡುತ್ತ, ಒಂದೊಂದೇ ಕೂಡಿಸಿಕೊಳ್ಳುತ್ತ ನಿಂತಿದ್ದಳೆಂದು ಕಾಣುತ್ತದೆ.

"ಅಮ್ಮ, ನಾನು ಜೋತುಬಿದ್ದಾಗ ನೀನು ಕೂತಾಗಿತ್ತಾ?"

"ಕೂತಿದ್ದೆ."

"ನಿಂಗೆ ಗೊತ್ತಾಯ್ತಾ?"

"ಆಯ್ತು." ಸುಳ್ಳು ಹೇಳೋಣವೆನ್ನಿಸಿತು, ಆಗಲಿಲ್ಲ. "ನನ್ನನ್ನ ಎತ್ತಿಬಿಟ್ಟೆ ಕಣೇ ನೀನು. ನನ್ ಕಾಲು ನೆಲದ ಮೇಲೆ ಇರ್ಲಿಲ್ಲ."

ಚಿಗರಿ ತಲೆಯೆತ್ತಿ ಅಡ್ಡಕಂಬವನ್ನು ನೋಡಿದಳು. ಆಮೇಲೆ ಕಂಬದ ನೇರಕ್ಕೆ ಕೆಳಗಿನ ಹುಲ್ಲನ್ನು, ತಾನು ನೇತಾಡಿದ್ದ ಜಾಗವನ್ನು ನೋಡಿದಳು. ಮುಖದಲ್ಲಿದ್ದ ರಕ್ತವೆಲ್ಲ ಇಳಿದು ತುಟಿ ಬೆಳ್ಳಗಾಯಿತು. ಒಂದು ಹೆಜ್ಜೆ ಹಿಂದೆ ಸರಿದಳು, ಮತ್ತೊಂದು ಹೆಜ್ಜೆ. ಭುಜ ಕುಗ್ಗಿ, ಇದ್ದಕ್ಕಿದ್ದಂತೆ ಅವಳು ತೀರ ಚಿಕ್ಕ ಹುಡುಗಿಯಾಗಿ ಕಂಡಳು.

ಈ ಹುಡುಗಿಗೆ ಒಂದಿಷ್ಟು ಭಯ ಬರಲಿ ಎಂದು ತಾಯಿ ಎಷ್ಟು ಕಾಲ ಹಂಬಲಿಸಿದ್ದಳು. ಈಗ ಬಂದಿತ್ತು. ತನ್ನದೇ ಭಯ, ತನ್ನದೇ ಕಣ್ಣು, ಮಗಳ ಮುಖದಲ್ಲಿ. ಅದನ್ನು ನೋಡುವುದು ಪಟ್ಟಿ ಎದ್ದ ಗಳಿಗೆಗಿಂತ ಕಷ್ಟವಾಯಿತು.

"ಕೈಗವಸು ಹಾಕ್ಕೋ," ಎಂದಳು.

"ಬೇಡಮ್ಮ. ಮನೆಗೆ ಹೋಗೋಣ."

"ಹಾಕ್ಕೋ ಪುಟ್ಟಿ. ಇಷ್ಟು ಜನ ಕೂತಿದೀವಿ. ಇದು ಅಲ್ಲಾಡಲ್ಲ." ಎಂದೂ ಹೇಳದ ಮಾತು ಅದು, ಬಾಯಿಗೆ ಹೊಸದಾಗಿತ್ತು. ಮಗಳಿಗಾಗಿ ಮುಖದ ಮೇಲೊಂದು ನಗು ತಂದುಕೊಂಡಳು. "ನಿಮ್ಮಜ್ಜಿ ಕೂತ್ರೆ ಬೆಟ್ಟಾನೂ ಅಲ್ಲಾಡಲ್ಲ."

"ನನ್ ತೂಕದ ಮೇಲೆ ಕಣ್ಣು ಹಾಕ್ಬೇಡ," ಎಂದರು ಅತ್ತೆ. ಕೈ ಮಾತ್ರ ಸೊಸೆಯ ಕೈ ಮೇಲೆಯೇ ಇತ್ತು.

ಪಂದ್ಯ ನಡೆಯುವಂತಿರಲಿಲ್ಲ, ನಿಂತದ್ದು ಒಂದೇ ಗೋಲು. ಕೋಚು ಎರಡೂ ತಂಡದ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರೇ ಬಂದು ಆ ಗೋಲಿಗೆ ಒದೆಯಿರಿ ಎಂದರು. ಜನ ಕುರ್ಚಿ ಎತ್ತಿಕೊಂಡು ಹತ್ತಿರ ಬಂದರು. ಚಿಗರಿ ಬಹಳ ಹೊತ್ತು ಗೆರೆಯಾಚೆಯೇ ನಿಂತಿದ್ದು, ಆಮೇಲೆ ತಲೆ ಬಗ್ಗಿಸಿಕೊಂಡು ಬಂದು ಕಂಬಗಳ ನಡುವೆ ನಿಂತಳು. ಮೇಲೆ ನೋಡಲಿಲ್ಲ. ಹಾರಲಿಲ್ಲ. ಮೊದಲನೇ ಚೆಂಡು ಬರುವ ಮುಂಚೆ ಒಮ್ಮೆ ತಿರುಗಿ, ಬಲೆಯ ಹಿಂದೆ ಅಮ್ಮ ಇದ್ದಾಳೆಯೇ ಎಂದು ನೋಡಿದಳು.

ಅಮ್ಮ ಇದ್ದಳು. ಎರಡೂ ಹಿಮ್ಮಡಿ ನೆಲಕ್ಕೆ ಒತ್ತಿಕೊಂಡು, ಕಬ್ಬಿಣ ಗಟ್ಟಿಯಾಗಿ ಹಿಡಿದುಕೊಂಡು, ಕೊನೆಯ ಚೆಂಡಿನವರೆಗೂ ಕೂತೇ ಇದ್ದಳು.